ಕಲಬುರಗಿಯ ಕೊಳಚೆ, ಕಮಲಾಪುರದ ಬಾಳೆ

ಮನುಷ್ಯರ ಮಲಮೂತ್ರದಲ್ಲಿ ಬೆಳೆಗೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಇವೆ. ರೋಗಾಣುಗಳೂ ಜಂತುಹುಳುವಿನ ಮೊಟ್ಟೆಗಳೂ ಜೊತೆಗೇ ಬರುತ್ತವೆ. ಸಾರ ಹೊಲ ಸೇರಬೇಕು, ರೋಗ ಅಲ್ಲೇ ನಿಲ್ಲಬೇಕು. ಇದಕ್ಕೆ ಕಲಬುರಗಿ ನಗರಕ್ಕೂ ಕೆಂಪು ಬಾಳೆಗೆ ಹೆಸರಾದ ಕಮಲಾಪುರಕ್ಕೂ ಒಂದೇ ಯೋಜನೆ ಹೊಂದದು. ನಗರದಲ್ಲಿ ಹೆಚ್ಚಿರುವುದು ಕೊಳಚೆ ನೀರು. ಕಮಲಾಪುರದ ಹಳ್ಳಿಗಳಲ್ಲಿ ಸಂಡಾಸದ ಗುಂಡಿ.

ನೀರನ್ನು ದೂರ ಸಾಗಿಸುವುದು ದುಬಾರಿ. ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಪಂಪ್ ಮಾಡುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಅದರ ಬೆನ್ನಿಗೆ ಸರ್ಕಾರದ ದೊಡ್ಡ ಗಂಟೇ ಇತ್ತು. ಕಲಬುರಗಿಯ ನೀರು ನಗರದ ಅಂಚಿನ ಹೊಲಗಳಲ್ಲೇ ಬಳಕೆಯಾಗುವುದು ಲೇಸು. ಸಂಸ್ಕರಣಾ ಘಟಕ ದಾಟಿದ ಮಾತ್ರಕ್ಕೆ ನೀರು ನಿರಪಾಯವಲ್ಲ. ಅದನ್ನು ಹೊಂಡಗಳಲ್ಲಿ ಎಂಟು–ಹತ್ತು ದಿನ ನಿಲ್ಲಿಸಿದರೆ ಹುಳದ ಮೊಟ್ಟೆ ಬಹುಪಾಲು ತಳ ಸೇರುತ್ತದೆ. ಬಳಿಕ ಹತ್ತಿ, ಬೇಯಿಸಿ ತಿನ್ನುವ ತೊಗರಿಗೆ ಹರಿಸಬಹುದು. ಹಸಿಯಾಗಿ ತಿನ್ನುವ ಮೆಂತ್ಯೆ, ಕೊತ್ತಂಬರಿ, ಸೌತೆಗೆ ಬೇಡ. ಕೊಕ್ಕೆಹುಳು ಬರಿಗಾಲಿನ ಚರ್ಮ ಕೊರೆದು ಒಳಹೊಗುವುದರಿಂದ ನೀರು ಕಟ್ಟುವವರಿಗೆ ಬೂಟು ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಹೇಳುವುದೂ ಇದನ್ನೇ: ಒಂದೇ ಘಟಕವನ್ನು ನೆಚ್ಚದೆ ಹೊಲದಿಂದ ಅಡುಗೆಮನೆಯವರೆಗೆ ಹಲವು ತಡೆ ಒಡ್ಡಬೇಕು.

ಸುತ್ತಲಿನ ಎರೆ ಭೂಮಿಗೆ ಈ ನೀರಿನಿಂದ ಇನ್ನೊಂದು ತೊಡಕಿದೆ. ಸಾಬೂನು, ಡಿಟರ್ಜೆಂಟಿನ ಸೋಡಿಯಂ ಸೇರಿದರೆ ಜೇಡಿ ಉಬ್ಬಿ ರಂಧ್ರ ಮುಚ್ಚಿ, ನೀರು ಇಂಗದೆ ನಿಲ್ಲುತ್ತದೆ. ಮಣ್ಣು ಪರೀಕ್ಷೆ, ಬಸಿಗಾಲುವೆ, ಅಗತ್ಯವಿದ್ದರೆ ಜಿಪ್ಸಂ ಇಲ್ಲದೆ ವರ್ಷಗಟ್ಟಲೆ ಹರಿಸುವುದು ಹೊಲಕ್ಕೇ ಕುತ್ತು.

ಕಮಲಾಪುರದಲ್ಲಿ ಕೆಲಸ ಇನ್ನೂ ಸರಳ. ಜೋಡಿ ಗುಂಡಿಯ ಸಂಡಾಸದಲ್ಲಿ ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸುತ್ತಾರೆ. ಮುಚ್ಚಿದ ಗುಂಡಿಗೆ ಎರಡು ವರ್ಷ ಹಸಿ ಸೇರದಿದ್ದರೆ ಒಳಗಿನದು ವಾಸನೆಯಿಲ್ಲದ ಕಪ್ಪು ಮಣ್ಣಿನಂತಾಗುತ್ತದೆ. ಅದನ್ನು ಬಾಳೆಯ ಬುಡದಲ್ಲಿ ಹೂತು ಮಣ್ಣೆಳೆಯಬಹುದು. ಗೊನೆ ನೆಲದಿಂದ ಎತ್ತರದಲ್ಲಿದ್ದು ಸಿಪ್ಪೆಯೂ ಇರುವುದರಿಂದ ಹಣ್ಣಿಗೆ ಸೋಂಕು ತಗಲುವುದು ಕಡಿಮೆ. ಊಟಕ್ಕೆ ಎಲೆ ಕೊಯ್ಯುವ ತೋಟವಾದರೆ ಎಚ್ಚರ ಹೆಚ್ಚಬೇಕು. ಒಬ್ಬ ವ್ಯಕ್ತಿಯ ವರ್ಷದ ಮೂತ್ರದಲ್ಲಿ ಸುಮಾರು 4 ಕಿಲೊ ಸಾರಜನಕವಿದೆ. ಮುಚ್ಚಿದ ಕ್ಯಾನಿನಲ್ಲಿ ಆರು ತಿಂಗಳಿಟ್ಟ ಮೂತ್ರವನ್ನು ಬುಡದ ಸುತ್ತ ತೋಡಿದ ಗುಳಿಗೆ ಸುರಿದು ಕೂಡಲೇ ಮುಚ್ಚಬೇಕು. ಬಿಸಿಲಿಗೆ ಬಿಟ್ಟರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಬಚ್ಚಲ ನೀರು ಹಿತ್ತಲ ಬಾಳೆಗೆ ಹೋಗುವುದಂತೂ ಹಳೆಯ ರೂಢಿ.

ಒಂಟಿ ಗುಂಡಿಯ ಹಸಿ ಮಲ ಮಾತ್ರ ಬೇರೆ ಮಾತು. ಅದನ್ನು ಮನುಷ್ಯರ ಕೈಯಿಂದ ತೆಗೆಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ. ಟ್ಯಾಂಕರ್ ಹೀರಿದ ಹೂಳು ನೇರ ಹೊಲಕ್ಕೆ ಬೀಳದೆ ಒಣಗಿಸುವ ಹಾಸುಗಳಿಗೆ ಸೇರಬೇಕು. ದೇವನಹಳ್ಳಿಯ ಮಲತ್ಯಾಜ್ಯ ಘಟಕ 2015ರಿಂದ ಇದೇ ಕೆಲಸ ಮಾಡುತ್ತಿದೆ. ಕಲಬುರಗಿ ಸೀಮೆಯ ಬಿಸಿಲು ಈ ಒಣಗಿಸುವ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಒಣಗಿದ ಗೊಬ್ಬರವನ್ನು ಕಮಲಾಪುರದ ತೋಟಗಳಿಗೆ ಟ್ರ್ಯಾಕ್ಟರಿನಲ್ಲೇ ಸಾಗಿಸಬಹುದು. ರೈತರ ಕೈಗೆ ಅದನ್ನು ಕೊಡುವ ಮುನ್ನ ಹುಳದ ಮೊಟ್ಟೆಯ ಪರೀಕ್ಷೆ ಆಗಿರಬೇಕು, ಅದರ ಖರ್ಚು ಹೂಳು ಸಂಗ್ರಹಿಸುವ ಸ್ಥಳೀಯ ಸಂಸ್ಥೆಯದೇ ಆಗಬೇಕು.