ಮರಳಿ ಬಂದ ಮಗಳ ಹಕ್ಕು



ಕಳೆದ ತಿಂಗಳು ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿಯ ಒಂದು ಗ್ರಾಮದಿಂದ ನಮ್ಮ ಈ ಅಂಕಣಕ್ಕೆ ಒಂದು ಪತ್ರ ಬಂದಿತು. ಬರೆದವರು ಒಬ್ಬ ತಾಯಿ. ಹೆಸರನ್ನಾಗಲಿ ಊರನ್ನಾಗಲಿ ಪ್ರಕಟಿಸಬಾರದೆಂದು ಅವರು ಕೇಳಿಕೊಂಡಿದ್ದಾರೆ. ಅವರು ಕೇಳದಿದ್ದರೂ ನಾವು ಪ್ರಕಟಿಸುತ್ತಿರಲಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಮುದ್ರಿಸುವುದು ಕಾನೂನಿನ ಪ್ರಕಾರ ಅಪರಾಧ; ಅದಕ್ಕೂ ಮಿಗಿಲಾಗಿ, ಅದು ಶರಣಧರ್ಮಕ್ಕೆ ಸಲ್ಲದ ನಡೆ.

ಪತ್ರದ ಸಾರಾಂಶ ಇಷ್ಟು. ಕಬ್ಬಿನ ಹಣ ಕೈಗೆ ಬರುವ ಮೊದಲೇ ಯಜಮಾನರು ಕಾಯಿಲೆ ಬಿದ್ದರು. ಆಸ್ಪತ್ರೆಯ ಖರ್ಚಿಗೆಂದು ಪರಿಚಿತನೊಬ್ಬನು ನಲವತ್ತು ಸಾವಿರ ರೂಪಾಯಿ ಕೊಟ್ಟನು. ಬರಹವಿಲ್ಲದ ಛಾಪಾ ಕಾಗದಕ್ಕೆ ತಾಯಿ-ಮಗಳಿಬ್ಬರಿಂದಲೂ ಸಹಿ ಪಡೆದು, ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ ಕೊಡಿಸುವೆನೆಂದೂ ಸಾಲವನ್ನು ಸಂಬಳದಲ್ಲಿ ಮುರಿದುಕೊಳ್ಳುವೆನೆಂದೂ ಹೇಳಿ ಹುಡುಗಿಯನ್ನು ಕರೆದುಕೊಂಡು ಹೋದನು. ಹುಡುಗಿ ಯಾವ ಕಾರ್ಖಾನೆಯನ್ನೂ ಕಾಣಲಿಲ್ಲ. ದೂರದ ಪಟ್ಟಣವೊಂದರ ವಸತಿಗೃಹದಲ್ಲಿ ಎರಡು ವರ್ಷ ಅವಳ ದೇಹವನ್ನು ಮಾರಿದರು. ಪೊಲೀಸರು ಬಿಡಿಸಿ ತಂದು ಆಶ್ರಯಗೃಹದಲ್ಲಿಟ್ಟರು. ಆರು ತಿಂಗಳ ಹಿಂದೆ ಅವಳು ಮನೆಗೆ ಮರಳಿದಳು. ಅಷ್ಟರಲ್ಲಿ ತಂದೆ ಲಿಂಗೈಕ್ಯರಾಗಿದ್ದರು.

ತಾಯಿ ನಾಲ್ಕು ಪ್ರಶ್ನೆಗಳನ್ನು ಕೇಳಿದ್ದಾರೆ. “ಸಾಲ ಇನ್ನೂ ಬಾಕಿಯಿದೆ ಎಂದು ಆ ಮನುಷ್ಯ ಆಳು ಕಳಿಸುತ್ತಾನೆ, ಕೊಡಲೇಬೇಕೆ? ಹಿರಿಯ ಮಗ ಮನೆತನದ ಮಾನ ಹೋಯಿತೆಂದು ಹೇಳಿ, ತಂಗಿ ಜಮೀನಿನ ಪಾಲು ಬಿಟ್ಟುಕೊಟ್ಟು ಸಹಿ ಹಾಕಲಿ ಎನ್ನುತ್ತಾನೆ, ಹಾಕಬೇಕೆ? ಅವಳಿಗಾದ ಅನ್ಯಾಯಕ್ಕೆ ಏನಾದರೂ ಸಿಗುವುದುಂಟೆ? ಅವಳ ಕೊರಳ ಲಿಂಗವನ್ನು ಅಲ್ಲಿ ಕಿತ್ತುಹಾಕಿದರಂತೆ, ಮತ್ತೆ ಧರಿಸಬಹುದೆ?”

ಅಪರಾಧಿಗಳಿಗೆ ಶಿಕ್ಷೆ ಕೊಡಿಸುವ ಮೊಕದ್ದಮೆಯನ್ನು ಸರ್ಕಾರ ನಡೆಸುತ್ತದೆ. ಅದರ ಮಾತು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಆದರೆ ಶಿಕ್ಷೆಯಾದ ಮಾತ್ರಕ್ಕೆ ಹುಡುಗಿಯ ಬದುಕು ಮರಳಿ ಕಟ್ಟಿದಂತಾಗುವುದಿಲ್ಲ. ಅವಳಿಗೆ ನ್ಯಾಯವಾಗಿ ಸಲ್ಲಬೇಕಾದುದು ಬೇರೆಯೇ ಇದೆ. ಅದನ್ನು ನಮ್ಮ ಮನೆಗಳು ತಿಳಿದಿರುವುದು ಕಡಿಮೆ. ಆದುದರಿಂದ ಪ್ರಶ್ನೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇವೆ.

ಮೊದಲನೆಯದು ಸಾಲ. ಆ ಸಾಲವನ್ನು ಕೊಡಬೇಕಾಗಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 23ನೆಯ ಕಲಂ, ಉದ್ದೇಶವು ಅನೈತಿಕವಾಗಿದ್ದರೆ ಅಥವಾ ಕಾನೂನಿಗೆ ವಿರುದ್ಧವಾಗಿದ್ದರೆ ಅಂತಹ ಕರಾರು ಶೂನ್ಯವೆಂದು ಹೇಳುತ್ತದೆ. ಆ ಕಲಮಿಗೆ ಶಾಸನಕರ್ತರೇ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಹೀಗಿದೆ: ಒಬ್ಬಳು ತನ್ನ ಮಗಳನ್ನು ಇನ್ನೊಬ್ಬನಿಗೆ ಉಪಪತ್ನಿಯಾಗಿ ಬಾಡಿಗೆಗೆ ಕೊಡಲು ಒಪ್ಪಿದರೆ ಆ ಒಪ್ಪಂದ ಅನೈತಿಕವಾದುದರಿಂದ ಶೂನ್ಯ. ಅಪರಾಧವೆಂದು ದಂಡಿಸಲು ಬಾರದಿದ್ದರೂ ಅದು ಶೂನ್ಯವೇ. ಒಂದೂವರೆ ಶತಮಾನಕ್ಕೂ ಹಿಂದೆ ಬರೆದಿಟ್ಟ ಈ ಮಾತು ಕೊಪ್ಪದ ಈ ತಾಯಿಗೆ ಇಂದಿಗೂ ಆಸರೆ. ತಂದೆತಾಯಿಗಳ ಸಹಿಯಿಂದ ಮಗಳು ಅಡಮಾನದ ವಸ್ತುವಾಗುವುದಿಲ್ಲ. ದೇವರ ಹೆಸರನ್ನು ಮುಂದಿಟ್ಟರೂ ಹಾಗೆಯೇ. 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಅಧಿನಿಯಮವು ಹೆಣ್ಣಿನ ಒಪ್ಪಿಗೆಯಿದ್ದರೂ ಇಲ್ಲದಿದ್ದರೂ ಆ ಸಮರ್ಪಣೆ ನ್ಯಾಯಬಾಹಿರವೆಂದು ಸಾರಿದೆ.

ಇದಲ್ಲದೆ, ಮುಂಗಡ ಕೊಟ್ಟು ಆ ಮುಂಗಡದ ಹೆಸರಿನಲ್ಲಿ ಮನುಷ್ಯರನ್ನು ದುಡಿಸಿಕೊಳ್ಳುವುದೇ ಜೀತ. ನಮ್ಮ ಸಂವಿಧಾನದ 23ನೆಯ ವಿಧಿ ಮನುಷ್ಯರ ಮಾರಾಟವನ್ನೂ ಬಲವಂತದ ದುಡಿಮೆಯನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿದೆ. 1976ರ ಜೀತ ಪದ್ಧತಿ ರದ್ದಿಯಾತಿ ಕಾಯ್ದೆಯ ಪ್ರಕಾರ ಜೀತದ ಸಾಲ ತಾನೇ ತಾನಾಗಿ ಅಳಿದುಹೋಗುತ್ತದೆ. ಅದರ ವಸೂಲಿಗೆ ಯಾವ ನ್ಯಾಯಾಲಯದಲ್ಲಿಯೂ ದಾವೆ ಹೂಡಲು ಬರುವುದಿಲ್ಲ. ಸಹಿ ಮಾಡಿದ ಖಾಲಿ ಕಾಗದದ ಭಯವೇ? 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 31ನೆಯ ಕಲಮಿನಂತೆ ಆ ಕಾಗದವನ್ನು ರದ್ದುಪಡಿಸಿ ಒಪ್ಪಿಸುವಂತೆ ಸಿವಿಲ್ ನ್ಯಾಯಾಲಯವನ್ನು ಕೇಳಬಹುದು. ವಿಷಯ ತಿಳಿದ ದಿನದಿಂದ ಮೂರು ವರ್ಷ ಅದಕ್ಕೆ ಕಾಲಾವಕಾಶವಿದೆ. ಮನೆಯ ಮುಂದೆ ಬಂದು ಕಾಡಬಾರದೆಂದು ಪ್ರತಿಬಂಧಕಾಜ್ಞೆಯನ್ನೂ ಪಡೆಯಬಹುದು. ಹೆದರಿ ಒಂದು ರೂಪಾಯಿಯನ್ನಾದರೂ ಕೊಟ್ಟರೆ ಅವನ ಬಾಯಿ ಮುಚ್ಚುವುದಿಲ್ಲ, ಇನ್ನಷ್ಟು ತೆರೆಯುತ್ತದೆ. ಇದನ್ನು ತಾಯಿಯು ಮನಗಾಣಬೇಕು.

ಎರಡನೆಯದು ಜಮೀನಿನ ಪಾಲು. ಇದು ಹೊರಗಿನವರ ಅನ್ಯಾಯವಲ್ಲ, ಒಳಗಿನವರದು. ಆದುದರಿಂದ ಇದನ್ನು ಹೇಳುವಾಗ ನಮಗೆ ಸಂಕೋಚವಾಗುತ್ತದೆ. ಆದರೂ ಹೇಳಲೇಬೇಕು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ತಾನು ಯಾರಿಗೆ ಅನ್ವಯಿಸುವುದೆಂದು ಹೇಳುವಾಗ ವೀರಶೈವ ಮತ್ತು ಲಿಂಗಾಯತ ಎಂಬ ಹೆಸರುಗಳನ್ನು ಎರಡನೆಯ ಕಲಮಿನಲ್ಲಿಯೇ ಬರೆದಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕನ್ನು ನಮ್ಮ ರಾಜ್ಯವು 1994ರ ತಿದ್ದುಪಡಿಯಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಕೊಟ್ಟಿತು. ಕೇಂದ್ರವು 2005ರಲ್ಲಿ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ತಂದೆಯ ಸ್ವಯಾರ್ಜಿತವನ್ನು ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ ತಾಯಿ, ಮಗ, ಮಗಳು ಸಮನಾಗಿ ಹಂಚಿಕೊಳ್ಳಬೇಕು.

ಹಾಗಾದರೆ ನಡತೆಯ ಮಾತು? ಹಳೆಯ ಧರ್ಮಶಾಸ್ತ್ರದ ಕಾಲದಲ್ಲಿ ವಿಧವೆಯ ನಡತೆಯನ್ನು ಮುಂದೊಡ್ಡಿ ಪಾಲು ತಪ್ಪಿಸುವ ವಾದವಿತ್ತು. ಇಂದಿನ ಅಧಿನಿಯಮದಲ್ಲಿ ಅದಕ್ಕೆ ಎಡೆಯಿಲ್ಲ. ಆಸ್ತಿಗಾಗಿ ಕೊಲೆ ಮಾಡಿದವನು ಪಾಲು ಕಳೆದುಕೊಳ್ಳುತ್ತಾನೆ. ಅಧಿನಿಯಮವೇ ಹೇಳಿದಂತಹ ಕೆಲವು ಕಾರಣಗಳನ್ನು ಬಿಟ್ಟರೆ ಬೇರೆ ಯಾವ ಕಾರಣದಿಂದಲೂ ಯಾರೂ ಅನರ್ಹರಾಗುವುದಿಲ್ಲವೆಂದು 28ನೆಯ ಕಲಂ ಸ್ಪಷ್ಟಪಡಿಸುತ್ತದೆ. ವಂಚನೆಗೆ ಸಿಕ್ಕಿ ಬಂದ ಮಗಳ ಹೆಸರನ್ನು ಪಹಣಿಯಿಂದ ಬಿಡಿಸುವ ಅಧಿಕಾರ ಅಣ್ಣನಿಗಿಲ್ಲ, ಊರಿನ ಪಂಚಾಯಿತಿಗೂ ಇಲ್ಲ. ಅವಳು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಕೂಡದು. ಒತ್ತಾಯಕ್ಕೆ ಮಣಿದು ಈಗಾಗಲೇ ಹಾಕಿದ್ದರೆ ಅದನ್ನು ರದ್ದುಪಡಿಸಲು ದಾವೆ ಹೂಡಬಹುದು. ಆ ಅಣ್ಣನಿಗೆ ನಮ್ಮ ವಿನಂತಿ ಇಷ್ಟೇ: ತಂದೆಯ ಚಿಕಿತ್ಸೆಗೆ ಬಂದ ಹಣದ ಬೆಲೆಯನ್ನು ತೆತ್ತವಳು ತಂಗಿ. ಆ ಮನೆಯಲ್ಲಿ ಯಾರಾದರೂ ಋಣದಲ್ಲಿದ್ದರೆ ಅವಳಲ್ಲ.

ಮೂರನೆಯದು ಪರಿಹಾರ. ಇದಕ್ಕೆ ಮೂರು ದಾರಿಗಳಿವೆ.

ಒಂದು, ಸಂತ್ರಸ್ತರ ಪರಿಹಾರ. ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 357-ಎ ಎಂದಿದ್ದ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಕಲಮಾಗಿದೆ. ಅಪರಾಧಿ ಯಾರೆಂದು ಪತ್ತೆಯಾಗದಿದ್ದರೂ, ವಿಚಾರಣೆಯೇ ನಡೆಯದಿದ್ದರೂ ಸಂತ್ರಸ್ತೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಸರ್ವೋಚ್ಚ ನ್ಯಾಯಾಲಯದ ಸಮ್ಮತಿಯೊಡನೆ 2018ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಯೋಜನೆಯು ಅತ್ಯಾಚಾರಕ್ಕೆ ಒಳಗಾದವರಿಗೆ 4 ಲಕ್ಷದಿಂದ 7 ಲಕ್ಷ ರೂಪಾಯಿಗಳ ಪರಿಹಾರವನ್ನು ಗೊತ್ತುಪಡಿಸಿತು. ಘಟನೆ ನಡೆದ ಅಥವಾ ವಿಚಾರಣೆ ಮುಗಿದ ದಿನದಿಂದ ಮೂರು ವರ್ಷಗಳೊಳಗೆ ಅರ್ಜಿ ಹಾಕಬೇಕು. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸಲು ಅವಕಾಶವುಂಟು. ಹುಡುಗಿ ಹದಿನೆಂಟು ತುಂಬದವಳಾಗಿದ್ದರೆ ಮಕ್ಕಳ ವಿಶೇಷ ನ್ಯಾಯಾಲಯವೇ ಪರಿಹಾರಕ್ಕೆ ನಿರ್ದೇಶನ ನೀಡಬಹುದು.

ಎರಡು, ಜೀತವಿಮುಕ್ತರ ಪುನರ್ವಸತಿ. ಕೇಂದ್ರ ಸರ್ಕಾರವು 2016ರಲ್ಲಿ ಈ ಯೋಜನೆಯನ್ನು ಪರಿಷ್ಕರಿಸಿದಾಗ, ವೇಶ್ಯಾಗೃಹಗಳಿಂದಲೂ ಮಾನವ ಸಾಗಣೆಯಿಂದಲೂ ಬಿಡುಗಡೆಯಾದ ಹೆಣ್ಣುಮಕ್ಕಳಿಗೆ 3 ಲಕ್ಷ ರೂಪಾಯಿಗಳನ್ನು ನಿಗದಿಮಾಡಿತು. ಪೂರ್ಣ ಮೊತ್ತವು ಮೊಕದ್ದಮೆಯ ಗತಿಯನ್ನು ಅವಲಂಬಿಸಿದೆ. ಆದರೆ ಬಿಡುಗಡೆಯಾದ ಕೂಡಲೇ ಕೊಡುವ ತಾತ್ಕಾಲಿಕ ನೆರವಿಗೆ ಅಷ್ಟು ಕಾಯಬೇಕಾಗಿಲ್ಲ. ಇದಕ್ಕೆ ಬೇಕಾದ ಮುಖ್ಯ ಕಾಗದ ಬಿಡುಗಡೆ ಪತ್ರ. ಅದನ್ನು ಕೊಡತಕ್ಕವರು ಜಿಲ್ಲಾಧಿಕಾರಿಗಳು ಅಥವಾ ಉಪವಿಭಾಗಾಧಿಕಾರಿಗಳು. ಮದ್ದೂರು, ಮಳವಳ್ಳಿ, ಮಂಡ್ಯ ಈ ಮೂರೂ ತಾಲ್ಲೂಕುಗಳು ಮಂಡ್ಯ ಉಪವಿಭಾಗಕ್ಕೆ ಸೇರಿವೆ. ಬಿಡಿಸಿದ ಸ್ಥಳದಲ್ಲಿಯೇ ಪತ್ರ ದೊರೆತಿರಬಹುದು. ಆಶ್ರಯಗೃಹದವರು ಕೊಟ್ಟ ಕಾಗದಗಳನ್ನೆಲ್ಲ ತಾಯಿ ಮೊದಲು ಒಂದೆಡೆ ಜೋಪಾನವಾಗಿಡಬೇಕು.

ಮೂರು, ನಷ್ಟಪರಿಹಾರದ ದಾವೆ. ಕೂಡಿಹಾಕಿದವರ ಮೇಲೆ, ಮಾರಿದವರ ಮೇಲೆ, ತಿಳಿದೂ ಕೋಣೆ ಕೊಟ್ಟು ಲಾಭ ಪಡೆದವರ ಮೇಲೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಲು ಅಡ್ಡಿಯಿಲ್ಲ. ಅಮೆರಿಕೆಯಲ್ಲಿ 2003ರಿಂದ ಇದಕ್ಕಾಗಿಯೇ ಪ್ರತ್ಯೇಕ ಶಾಸನವಿದೆ. 2008ರಿಂದ ಇಂತಹ ದಂಧೆಯ ಲಾಭವನ್ನು ತಿಳಿದೂ ಉಂಡವರನ್ನು, ಅವರು ವಸತಿಗೃಹದ ಒಡೆಯರಾಗಿದ್ದರೂ, ಅಲ್ಲಿ ನ್ಯಾಯಾಲಯಕ್ಕೆ ಎಳೆಯಬಹುದು. ನಮ್ಮಲ್ಲಿ ಅಂತಹ ಪ್ರತ್ಯೇಕ ಶಾಸನವಿಲ್ಲದಿರುವುದರಿಂದ ಇಂತಹ ದಾವೆಗಳು ವಿರಳ. ವಿರಳವೆಂದ ಮಾತ್ರಕ್ಕೆ ಬಾಗಿಲು ಮುಚ್ಚಿದೆ ಎಂದಲ್ಲ. ಆದರೆ ಅಕ್ರಮ ಬಂಧನಕ್ಕಾಗಿ ನಷ್ಟ ಕೇಳುವ ದಾವೆಗೆ ಬಂಧನ ಮುಗಿದ ದಿನದಿಂದ ಒಂದೇ ವರ್ಷದ ಕಾಲಮಿತಿ ಇದೆ. ಹುಡುಗಿ ಮನೆಗೆ ಬಂದೇ ಆರು ತಿಂಗಳಾಗಿದೆ. ಅದಕ್ಕೂ ಮೊದಲು ಆಶ್ರಯಗೃಹದಲ್ಲಿದ್ದ ದಿನಗಳೂ ಈ ವರ್ಷದೊಳಗೇ ಸೇರುತ್ತವೆ. ಆದುದರಿಂದ ಈ ವಾರವೇ ವಕೀಲರನ್ನು ಕಾಣುವುದು ಮೇಲು.

ವಕೀಲರ ಶುಲ್ಕಕ್ಕೆ ಎಲ್ಲಿಗೆ ಹೋಗುವುದು ಎಂದು ಯಾರೂ ಎದೆಗುಂದಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ 12ನೆಯ ಕಲಮಿನಂತೆ ಸ್ತ್ರೀಯರಿಗೂ ಮಕ್ಕಳಿಗೂ ಮಾನವ ಸಾಗಣೆಗೆ ಗುರಿಯಾದವರಿಗೂ ವರಮಾನದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಕೊಪ್ಪದವರು ಮದ್ದೂರಿನ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕಾಣಬಹುದು, ಅಥವಾ ಮಂಡ್ಯದ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಬಹುದು. 15100 ಸಂಖ್ಯೆಗೆ ದೂರವಾಣಿ ಮಾಡಿದರೂ ಆಯಿತು. ಮಹಿಳಾ ಸಹಾಯವಾಣಿ 181. ಮೈಸೂರಿನ ಒಡನಾಡಿ ಸೇವಾ ಸಂಸ್ಥೆಯಂತಹ ಸಂಘಗಳು ಇಂತಹ ಹೆಣ್ಣುಮಕ್ಕಳ ಬಿಡುಗಡೆ ಮತ್ತು ಪುನರ್ವಸತಿಯ ಕೆಲಸದಲ್ಲಿ ತೊಡಗಿವೆ. ತಾಯಿಗೆ ಒಂದು ಮಾತು: ಕಾಗದಕ್ಕೆ ತಾವೂ ಸಹಿ ಹಾಕಿದ್ದನ್ನು ವಕೀಲರಿಂದ ಮುಚ್ಚಿಡಬೇಡಿ. ಮೋಸ ಹೋದುದು ಅಪರಾಧವಲ್ಲ.

ಇನ್ನೂ ಆ ಬದುಕಿನಲ್ಲಿಯೇ ಉಳಿದಿರುವ ಹೆಣ್ಣುಮಕ್ಕಳನ್ನೂ ನಾವು ಮರೆಯಲಾಗದು. 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಅವರನ್ನು ಪೊಲೀಸರು ಘನತೆಯಿಂದ ಕಾಣಬೇಕೆಂದೂ ತಾಯಿ ಆ ವೃತ್ತಿಯಲ್ಲಿದ್ದಾಳೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ಅವಳಿಂದ ಅಗಲಿಸಬಾರದೆಂದೂ ನಿರ್ದೇಶಿಸಿತು. 1997ರಲ್ಲಿಯೇ ಅದೇ ನ್ಯಾಯಾಲಯವು ಆ ಮಕ್ಕಳಿಗೂ ಸಮಾಜದ ಮುಖ್ಯವಾಹಿನಿಯಲ್ಲಿ ಕಳಂಕವಿಲ್ಲದೆ ಬಾಳುವ ಹಕ್ಕಿದೆ ಎಂದಿತ್ತು.

ಕೊನೆಯ ಪ್ರಶ್ನೆ ಕೊರಳಿನ ಲಿಂಗದ್ದು. ಇದಕ್ಕೆ ಯಾವ ಅಧಿನಿಯಮವನ್ನೂ ತೆರೆದು ನೋಡಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣೆಯರ ಸಾಲಿನಲ್ಲಿ ಸಂಕವ್ವೆ ಇದ್ದಾಳೆ. ದೇಹವನ್ನು ಮಾರಿ ಬದುಕಿದ್ದವಳು ಶರಣೆಯಾದಳು. ಅವಳದಾಗಿ ನಮಗೆ ದೊರೆತಿರುವುದು ಒಂದೇ ಒಂದು ವಚನ, ಅದರ ಅಂಕಿತ ‘ನಿರ್ಲಜ್ಜೇಶ್ವರ’. ಎಂಟುನೂರು ವರ್ಷಗಳಿಗೂ ಮಿಗಿಲಾಗಿ ಆ ವಚನವನ್ನು ಕಾಪಾಡಿಕೊಂಡು ಬಂದವರು ನಮ್ಮ ಹಿರಿಯರೇ. ತಾನಾಗಿ ಆ ಬಾಳಿನಲ್ಲಿದ್ದು ಬಂದವಳಿಗೇ ಶರಣರು ಜಾಗ ಕೊಟ್ಟಿರುವಾಗ, ಮೋಸದಿಂದ ಒಯ್ಯಲ್ಪಟ್ಟ ಮಗುವಿಗೆ ಲಿಂಗವುಂಟೋ ಇಲ್ಲವೋ ಎಂದು ಕೇಳುವುದು ಆ ಪರಂಪರೆಗೆ ಒಪ್ಪುವ ಮಾತಲ್ಲ. ಲಿಂಗವನ್ನು ಕಿತ್ತವರು ಕಿತ್ತುದು ದಾರವನ್ನು ಮಾತ್ರ. ಊರಿನ ಗುರುಗಳನ್ನೋ ಹತ್ತಿರದ ಮಠವನ್ನೋ ಕಂಡು ಅವಳಿಗೆ ಮತ್ತೆ ಇಷ್ಟಲಿಂಗ ಧಾರಣೆ ಮಾಡಿಸಿ. ಪ್ರಾಯಶ್ಚಿತ್ತದ ಮಾತನ್ನು ಯಾರೇ ಎತ್ತಿದರೂ, ಅದು ಅವಳಿಗಲ್ಲ, ಅವಳನ್ನು ಮಾರಿದವರಿಗೆ ಎಂದು ಹೇಳಿ.

ಬಂಧುಗಳೇ, ಕಾನೂನು ಸಾಲವನ್ನು ಅಳಿಸಬಲ್ಲುದು, ಪಾಲನ್ನು ಕೊಡಿಸಬಲ್ಲುದು, ಪರಿಹಾರದ ಹಣವನ್ನು ಅವಳ ಖಾತೆಗೆ ಹಾಕಬಲ್ಲುದು. ಮನೆಯಲ್ಲಿ ಎಲ್ಲರೊಡನೆ ಅವಳಿಗೂ ಒಂದು ತಟ್ಟೆ ಹಾಕಿ ಊಟಕ್ಕೆ ಕರೆಯುವುದನ್ನು ಮಾತ್ರ ಯಾವ ನ್ಯಾಯಾಲಯವೂ ಆಜ್ಞಾಪಿಸಲಾರದು. ಮನೆಯವರು ದೂರ ತಳ್ಳಿದ ಹುಡುಗಿಯನ್ನು ಅದೇ ದಲ್ಲಾಳಿ ಮತ್ತೆ ಹುಡುಕಿಕೊಂಡು ಬರುತ್ತಾನೆ. ಅವನ ಬಂಡವಾಳ ನಲವತ್ತು ಸಾವಿರ ರೂಪಾಯಿಯಲ್ಲ, ನಮ್ಮ ಲಜ್ಜೆ. ಆ ಬಂಡವಾಳವನ್ನು ಅವನಿಗೆ ಕೊಡದಿರೋಣ.

ಆ ತಾಯಿಗೆ ನಾವು ಬೇರೆಯಾಗಿಯೂ ಉತ್ತರ ಬರೆದಿದ್ದೇವೆ. ಇಂತಹ ಸಂಕಟ ಯಾವ ಮನೆಯಲ್ಲಿದ್ದರೂ ಹೆಸರು ಬರೆಯದೆ ನಮಗೆ ಪತ್ರ ಹಾಕಬಹುದು.