ರಕ್ತದೊತ್ತಡಕ್ಕೂ ಪಿಂಚಣಿ ಉಂಟೇ?

ಹದಿನೆಂಟು-ಇಪ್ಪತ್ತರ ವಯಸ್ಸಿನಲ್ಲಿ ಸೈನ್ಯ ಸೇರಿ, ನಲವತ್ತರ ಆಸುಪಾಸಿನಲ್ಲಿ ಊರಿಗೆ ಮರಳುವ ಸಿಪಾಯಿಯ ಸಾಮಾನಿನಲ್ಲಿ ಒಂದು ತಗಡಿನ ಟ್ರಂಕು ಇದ್ದೇ ಇರುತ್ತದೆ. ಅದು ಹೊಸದುರ್ಗದ ತೆಂಗಿನ ತೋಟದ ಮನೆಯಲ್ಲಿರಬಹುದು, ಹೊಳಲ್ಕೆರೆಯ ಅಡಿಕೆ ತೋಟದ ಮನೆಯಲ್ಲಿರಬಹುದು, ಹಿರಿಯೂರಿನಲ್ಲೋ ಚಿತ್ರದುರ್ಗದಲ್ಲೋ ಬಾಡಿಗೆ ಮನೆಯ ಅಟ್ಟದ ಮೇಲಿರಬಹುದು. ಟ್ರಂಕಿನ ತಳದಲ್ಲಿ ಇಂಗ್ಲಿಷಿನ ಕೆಲವು ಹಾಳೆಗಳು. ಅವುಗಳಲ್ಲೊಂದು, ಬಿಡುಗಡೆಗೆ ಮುನ್ನ ವೈದ್ಯಕೀಯ ಮಂಡಳಿ ಬರೆದ ವರದಿ. ಪಿ.ಯು.ಸಿ. ಓದುವ ಮಗಳು ಅದನ್ನು ಅಪ್ಪನಿಗೆ ಓದಿ ಹೇಳುತ್ತಾಳೆ ಎಂದಿಟ್ಟುಕೊಳ್ಳಿ. ಒಂದು ಸಾಲಿನ ಅರ್ಥ ಹೀಗಿರುತ್ತದೆ: ‘ಪ್ರೈಮರಿ ಹೈಪರ್‌ಟೆನ್ಷನ್, ಶೇಕಡಾ 30, ಸೇವೆಯಿಂದ ಉಂಟಾದುದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ.’

ಈ ಒಂದು ಸಾಲಿನಿಂದ ಆ ಮನೆಗೆ ತಿಂಗಳು ತಿಂಗಳೂ ಬರಬಹುದಾಗಿದ್ದ ಹಣ ನಿಂತುಹೋಗುತ್ತದೆ. ಅದರ ಹೆಸರು ವಿಕಲತಾ ಪಿಂಚಣಿ. ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರಿಗೆ ಮಾತ್ರ ಅದು ಸಿಗುತ್ತದೆಂದು ಅನೇಕರ ತಿಳಿವಳಿಕೆ. ಹಾಗಲ್ಲ, ಕಾಯಿಲೆಗೂ ಉಂಟು. ಸೇನೆಯ ಹಳೆಯ ನಿಯಮಗಳ ಪ್ರಕಾರ ಷರತ್ತುಗಳು ಎರಡು. ವಿಕಲತೆ ಶೇಕಡಾ 20ಕ್ಕೆ ಕಡಿಮೆ ಇರಬಾರದು. ಅದು ಸೇವೆಯಿಂದ ಬಂದಿರಬೇಕು, ಇಲ್ಲವೇ ಸೇವೆಯಿಂದ ಹೆಚ್ಚಿರಬೇಕು. ಮೇಲ್ಮನವಿಗಳಲ್ಲಿ ನಡೆಯುವ ವಾದವೆಲ್ಲ ಈ ಎರಡನೆಯ ಷರತ್ತಿನದು.

ಮೊದಲು ವಿಜ್ಞಾನವನ್ನು ನೋಡೋಣ. ಹೃದಯ ದೂಡಿದ ರಕ್ತವು ಅಪಧಮನಿಗಳ ಗೋಡೆಯ ಮೇಲೆ ಹಾಕುವ ಒತ್ತಡವೇ ರಕ್ತದೊತ್ತಡ. 120/80 ಎಂದಾಗ, ಹೃದಯ ಸಂಕುಚಿಸಿದಾಗ 120, ಸಡಿಲಗೊಂಡಾಗ 80 ಮಿಲಿಮೀಟರ್ ಪಾದರಸದಷ್ಟು ಒತ್ತಡ ಎಂದರ್ಥ. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರ. ಆದ್ದರಿಂದ ಇದೇ 120ನ್ನು ನೀರಿನಲ್ಲಿ ಅಳೆಯಹೊರಟರೆ 1 ಮೀಟರ್ 63 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಆಳೆತ್ತರದ ಕೊಳವೆ ಬೇಕು! ತೋಳಿಗೆ ಪಟ್ಟಿ ಕಟ್ಟಿ, ಸ್ಟೆತಸ್ಕೋಪಿನಲ್ಲಿ ಶಬ್ದ ಕೇಳಿ ಒತ್ತಡ ಅಳೆಯುವ ವಿಧಾನವನ್ನು 1905ರಲ್ಲಿ ತಿಳಿಸಿದವರು ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್‌ಕಾಫ್. ಅವರೂ ಯುದ್ಧದಲ್ಲಿ ಗಾಯಗೊಂಡ ಸೈನಿಕರ ರಕ್ತನಾಳಗಳಿಗೆ ಚಿಕಿತ್ಸೆ ಮಾಡಿದವರೇ.

ಒತ್ತಡ ಏರುವುದು ಹೇಗೆ? ತೋಟದ ಪೈಪನ್ನು ನೆನೆಯಿರಿ. ಮೋಟಾರು ಜೋರಾಗಿ ನೂಕಿದರೂ ಪೈಪಿನೊಳಗೆ ಒತ್ತಡ ಏರುತ್ತದೆ, ನೀರು ಹೋಗುವ ದಾರಿ ಕಿರಿದಾದರೂ ಏರುತ್ತದೆ. ದೇಹದಲ್ಲೂ ಹಾಗೆಯೇ. ಚಳಿ, ಭಯ, ನಿದ್ದೆಗೇಡು, ಆಮ್ಲಜನಕದ ಕೊರತೆ ಇವೆಲ್ಲ ಹೃದಯದ ಬಡಿತವನ್ನು ಹೆಚ್ಚಿಸಿ, ಸಣ್ಣ ರಕ್ತನಾಳಗಳನ್ನು ಬಿಗಿಯಾಗಿಸಬಲ್ಲವು. ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಕಡಲತೀರದ್ದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು. 18,000 ಅಡಿ ಎತ್ತರದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. 1984ರಿಂದ ನಮ್ಮ ಸೈನಿಕರು ಕಾಯುತ್ತಿರುವ ಸಿಯಾಚಿನ್‌ನಲ್ಲಿ ಅದಕ್ಕಿಂತ ಎತ್ತರದ ಠಾಣೆಗಳೂ ಇವೆ.

ಆದರೆ ಸೈನ್ಯಕ್ಕೆ ಹೋಗದ ರೈತರಿಗೂ ಮೇಷ್ಟರಿಗೂ ಬಿ.ಪಿ. ಬರುತ್ತದಲ್ಲ? ನಿಜ. ಏರೊತ್ತಡ ಇರುವ ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಇಂಥದೇ ಎಂದು ಬೊಟ್ಟುಮಾಡಿ ತೋರಿಸಬಹುದಾದ ಒಂದು ಕಾರಣ ಇರುವುದಿಲ್ಲ. ಅದನ್ನೇ ‘ಪ್ರೈಮರಿ’ ಎನ್ನುವುದು. ವಂಶ, ವಯಸ್ಸು, ಉಪ್ಪು, ತೂಕ, ಮದ್ಯ, ಮನಸ್ಸಿನ ಒತ್ತಡ ಎಲ್ಲವೂ ಸೇರಿರುತ್ತವೆ. ಇದರಲ್ಲಿ ಉಪ್ಪಿನ ಪಾಲೆಷ್ಟು, ಅಜ್ಜನ ಪಾಲೆಷ್ಟು, ಹಿಮದ ಪಾಲೆಷ್ಟು ಎಂದು ಒಬ್ಬ ವ್ಯಕ್ತಿಯಲ್ಲಿ ಬೇರ್ಪಡಿಸಿ ಹೇಳುವ ಉಪಕರಣ ಯಾವುದೂ ಇಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ವ್ಯತ್ಯಾಸವನ್ನು ಗಮನಿಸಬೇಕು. ‘ಕಾರಣ ತಿಳಿದಿಲ್ಲ’ ಎಂಬುದು ಒಂದು ಮಾತು. ‘ಸೇವೆ ಕಾರಣವಲ್ಲ’ ಎಂಬುದು ಬೇರೆಯೇ ಮಾತು. ಮೊದಲನೆಯದನ್ನು ಹಿಡಿದು ಎರಡನೆಯದನ್ನು ಸಾಧಿಸಲಾಗದು. ಹಾಗಾದರೆ ಸಂದೇಹದ ಲಾಭ ಯಾರಿಗೆ?

ಸುಪ್ರೀಂ ಕೋರ್ಟ್ 2013ರ ಜುಲೈ 2ರಂದು ಧರಮ್‌ವೀರ್ ಸಿಂಗ್ ಮೊಕದ್ದಮೆಯಲ್ಲಿ ಇದಕ್ಕೆ ಉತ್ತರ ಹೇಳಿತು. ಅಲ್ಲಿನ ಕಾಯಿಲೆ ಮೂರ್ಛೆರೋಗ. ತತ್ತ್ವ ಮಾತ್ರ ರಕ್ತದೊತ್ತಡದ ಮೊಕದ್ದಮೆಗಳಿಗೂ ಬಳಕೆಯಾಗುತ್ತ ಬಂದಿದೆ. ಸೇರುವಾಗಿನ ತಪಾಸಣೆಯಲ್ಲಿ ಕಾಯಿಲೆ ದಾಖಲಾಗಿರದಿದ್ದರೆ ಆತ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು. ಸೇವೆಗೂ ಕಾಯಿಲೆಗೂ ಸಂಬಂಧವಿಲ್ಲವೆಂದು ರುಜುವಾತು ಮಾಡುವ ಹೊಣೆ ಸರ್ಕಾರದ್ದು. ಮಂಡಳಿ ತನ್ನ ಅಭಿಪ್ರಾಯಕ್ಕೆ ಕಾರಣ ಕೊಡಬೇಕು. ಸಂದೇಹವಿದ್ದರೆ ಅದರ ಲಾಭ ಸೈನಿಕನಿಗೆ. ಸೇನಾ ವೈದ್ಯರಿಗೆಂದು 2002ರಲ್ಲಿ ಹೊರಟ ಕೈಪಿಡಿಯೂ ರಕ್ತದೊತ್ತಡದ ವಿಷಯದಲ್ಲಿ ಪ್ರತಿಯೊಂದು ಪ್ರಕರಣವನ್ನೂ ಪ್ರತ್ಯೇಕವಾಗಿ ತೂಗಬೇಕೆಂದಿತು. ಸೇರುವಾಗ ದೇಹಸ್ಥಿತಿ ಹೇಗಿತ್ತು, ಕಠಿಣ ಸೇವೆ ಎಷ್ಟು ಕಾಲದ್ದು ಎಂದು ನೋಡಬೇಕಿತ್ತು.

ಹಾಗೆಂದು ಗೆಲುವು ಖಚಿತವೆಂದು ತಿಳಿಯಬಾರದು. 2019ರಲ್ಲಿ, ಮನೋರೋಗವೊಂದರ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟೇ ಸೈನಿಕನ ಬೇಡಿಕೆಯನ್ನು ಒಪ್ಪಲಿಲ್ಲ. ಅಲ್ಲದೆ 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಜಾರಿಗೆ ಬಂದಿವೆ. ಅಪ್ಪ ಬಿಡುಗಡೆಯಾದದ್ದು ಆ ದಿನಕ್ಕೆ ಮೊದಲೋ ಆಮೇಲೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಮೇಲ್ಮನವಿಗೆ ಮೆಟ್ಟಿಲುಗಳಿವೆ. ಇಲಾಖೆಯಲ್ಲೇ ಮೊದಲ ಮೇಲ್ಮನವಿ, ಎರಡನೆಯ ಮೇಲ್ಮನವಿ. ಅಲ್ಲೂ ಆಗದಿದ್ದರೆ 2007ರ ಕಾಯಿದೆಯಿಂದ ಹುಟ್ಟಿದ ಸಶಸ್ತ್ರಪಡೆಗಳ ನ್ಯಾಯಮಂಡಳಿ. ಹಳೆಯ ನಿಯಮಗಳಡಿ ಗೆದ್ದವರಿಗೆ 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಶೇಕಡಾ 30ನ್ನು 50 ಎಂದು ಲೆಕ್ಕ ಹಿಡಿದದ್ದೂ ಉಂಟು. ಆದರೆ ತಡಮಾಡಿದವರಿಗೆ ನಷ್ಟ. 2008ರ ಇನ್ನೊಂದು ತೀರ್ಪಿನ ಮೇರೆಗೆ, ತಡವಾಗಿ ಹೋದವರಿಗೆ ಹಿಂದಿನ ಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದಷ್ಟೇ ಸಿಗುತ್ತದೆ.

ಆದ್ದರಿಂದ ಮಕ್ಕಳು ಮನೆಯಲ್ಲಿ ಮಾಡಬಹುದಾದ ಕೆಲಸವೊಂದಿದೆ. ಟ್ರಂಕು ಇಳಿಸಿ ನಾಲ್ಕು ಸಂಗತಿ ಹುಡುಕಿ, ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿ: ಸೈನ್ಯ ಸೇರಿದಾಗ ಬರೆದ ರಕ್ತದೊತ್ತಡ, ಯಾವ ವರ್ಷ ಯಾವ ಠಾಣೆಯಲ್ಲಿದ್ದರೆಂಬ ವಿವರ, ಬಿ.ಪಿ. ಮೊದಲು ಪತ್ತೆಯಾದ ದಿನಾಂಕ, ಮಂಡಳಿ ಕೊಟ್ಟ ಕಾರಣ. ಹಾಳೆ ಕಳೆದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಪ್ರತಿ ಕೇಳಬಹುದು. ಬಳಿಕ ಸೈನಿಕ ಕಲ್ಯಾಣ ಇಲಾಖೆಯಲ್ಲೋ ಬಲ್ಲ ವಕೀಲರಲ್ಲೋ ವಿಚಾರಿಸಬೇಕು.

ಇನ್ನೊಂದು ಮಾತನ್ನು ಮರೆಯಬಾರದು. ಪಿಂಚಣಿಗೆಂದು ಗುಳಿಗೆ ಬಿಟ್ಟು, ಒತ್ತಡ ಏರಿಸಿಕೊಂಡು ಪರೀಕ್ಷೆಗೆ ಹೋಗುವ ಯೋಚನೆ ಯಾರಿಗೂ ಬಾರದಿರಲಿ. ಏರೊತ್ತಡ ಮೆದುಳನ್ನೂ ಮೂತ್ರಪಿಂಡವನ್ನೂ ಸದ್ದಿಲ್ಲದೆ ಕೆಡಿಸುತ್ತದೆ. ಮನವಿಗೆ ಬೇಕಾದದ್ದು ಹಳೆಯ ದಾಖಲೆ. ಅಪ್ಪ ಇಂದಿನ ಗುಳಿಗೆಯನ್ನು ಇಂದೇ ನುಂಗಲಿ, ಊಟಕ್ಕೆ ಉಪ್ಪು ಕಡಿಮೆ ಇರಲಿ.