ಚಳ್ಳಕೆರೆಯ ಶೇಂಗಾ ಯಾವ ಪತ್ರಿಕೆಯಲ್ಲಿದೆ?

ಎಂ.ಎ. ಅರ್ಥಶಾಸ್ತ್ರ ಓದುವಾಗ ನಮಗೊಂದು ಆರ್ಥಿಕ ಇತಿಹಾಸದ ಪತ್ರಿಕೆಯಿತ್ತು. ಮ್ಯಾಂಚೆಸ್ಟರಿನ ಗಿರಣಿ, ಜೇಮ್ಸ್ ವ್ಯಾಟ್‌ನ ಉಗಿಯಂತ್ರ, 1929ರ ನ್ಯೂಯಾರ್ಕ್ ಷೇರುಪೇಟೆ. ನೋಟ್ಸ್ ಬಾಯಿಪಾಠ ಮಾಡಿ ಪಾಸಾದೆ. ಎರಡು ವರ್ಷದಲ್ಲಿ ಚಳ್ಳಕೆರೆ ಎಂಬ ಹೆಸರು ಆ ತರಗತಿಯಲ್ಲಿ ಒಂದು ಸಲವೂ ಬರಲಿಲ್ಲ. ಬರಬೇಕಿತ್ತು ಎಂದು ನನಗೂ ಅನ್ನಿಸಲಿಲ್ಲ. ನನ್ನ ಸಿಟ್ಟು ಇರುವುದು ಈ ಎರಡನೆಯದರ ಮೇಲೆ.

ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಯುರೋಪಿನ ಹಡಗುಗಳ ಕಾಲದಲ್ಲಿ ಸಮುದ್ರ ದಾಟಿತು. 19ನೇ ಶತಮಾನದಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ನಗರದ ಎಣ್ಣೆ ಮತ್ತು ಸಾಬೂನು ಕಾರ್ಖಾನೆಗಳು ಪಾಂಡಿಚೇರಿ ಕಡೆಯಿಂದ ಅದನ್ನು ತರಿಸಿಕೊಳ್ಳುತ್ತಿದ್ದವು. ದಖನ್ನಿನ ಒಣನೆಲದಲ್ಲಿ ಶೇಂಗಾ ಹಬ್ಬಿದ್ದರ ಹಿಂದೆ ಇಂಥ ದೂರದ ಬೇಡಿಕೆಯೂ ಇತ್ತು. ಆ ಬೆಳೆಯಿಂದಲೇ ಚಳ್ಳಕೆರೆ ಎಣ್ಣೆ ನಗರವಾಯಿತು, ‘ಎರಡನೇ ಬಾಂಬೆ’ ಅನ್ನಿಸಿಕೊಂಡಿತು. 1994ರಲ್ಲಿ ಪಾಮೊಲಿನ್ ಆಮದನ್ನು ಖಾಸಗಿ ವ್ಯಾಪಾರಿಗಳಿಗೆ ಮುಕ್ತಗೊಳಿಸಿದರು. ಮಲೇಷ್ಯಾ, ಇಂಡೋನೇಷ್ಯಾದ ತಾಳೆ ಎಣ್ಣೆಯ ಮುಂದೆ ನಮ್ಮ ಮಿಲ್ಲುಗಳು ನಿಲ್ಲಲಿಲ್ಲ. ಮಳೆಯೂ ಕೈಕೊಟ್ಟಿತು, ನಿಜ. ಆದರೆ ಊರಿನಲ್ಲಿ ಕೇಳಿ ನೋಡಿ: ಮಳೆಯನ್ನು ಬೈಯುತ್ತಾರೆ, ಹಣೆಬರಹವನ್ನು ಬೈಯುತ್ತಾರೆ. ದಿಲ್ಲಿಯಲ್ಲಿ ಬಿದ್ದ ಆ ಸಹಿಯ ಮಾತು ಎಲ್ಲೋ ಒಬ್ಬರ ಬಾಯಲ್ಲಿ ಬರುತ್ತದೆ.

ಮೊಳಕಾಲ್ಮೂರಿನ ರೇಷ್ಮೆಯದೂ ಇದೇ ಕಥೆ. ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ಬೇರು ಕೊಟ್ಟವನು ಟಿಪ್ಪು ಸುಲ್ತಾನ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಜಪಾನ್ ಮತ್ತು ಚೀನಾದ ಅಗ್ಗದ ರೇಷ್ಮೆ ಬಂದು ಬಿದ್ದು ಮೈಸೂರಿನ ರೇಷ್ಮೆ ನೆಲಕಚ್ಚಿತು. ನಾವು ಪರೀಕ್ಷೆಗೆ ಬರೆದ 1929 ಎಂದರೆ ಇದೇ. ನಮಗೆ ಅದರ ನ್ಯೂಯಾರ್ಕಿನ ಅರ್ಧವನ್ನಷ್ಟೇ ಹೇಳಿಕೊಟ್ಟರು. ಇವತ್ತು ಗುಂಡಿಮಗ್ಗದಲ್ಲಿ ಕಾಲಿಟ್ಟು ಕೂತ ನೇಕಾರನಿಗೆ ಚೀನಾ ರೇಷ್ಮೆಯ ಬಿಸಿ ಯಾರೂ ಹೇಳಿಕೊಡಬೇಕಿಲ್ಲ. ಅವನ ಮಗಳು ಡಿಗ್ರಿ ಓದುತ್ತಾಳೆ. ಅಪ್ಪನಿಗೆ ತಿಳಿದದ್ದು ಆರ್ಥಿಕ ಇತಿಹಾಸ ಎಂದು ಅವಳಿಗೆ ಯಾರೂ ಹೇಳುವುದಿಲ್ಲ.

‘ಅದೆಲ್ಲ ಸ್ಥಳೀಯ ಇತಿಹಾಸ ಕಣ್ರೀ’ ಎನ್ನುವ ಮೇಷ್ಟರುಗಳಿದ್ದಾರೆ. ಅವರು ಬ್ರಹ್ಮಗಿರಿಗೆ ಹೋಗಿ ಬರಲಿ. ಮೊಳಕಾಲ್ಮೂರು ತಾಲ್ಲೂಕಿನ ಆ ಬಂಡೆಯ ಮೇಲಿನ ಅಶೋಕನ ಶಾಸನದ ಕೊನೆಗೆ ಚಪಡ ಎಂಬ ಲಿಪಿಕಾರ ಒಂದು ಪದವನ್ನು ಗಾಂಧಾರದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿದಾಗ, 1945ರಲ್ಲಿ ಅರಿಕಮೇಡಿನಲ್ಲಿ ರೋಮ್ ವ್ಯಾಪಾರದ ಸರಕಿನ ಜೊತೆ ಸಿಕ್ಕಿದ್ದ ಮಡಕೆ ಚೂರುಗಳನ್ನೇ ಅಳತೆಗೋಲು ಮಾಡಿಕೊಂಡು ನಮ್ಮ ಊರಿನ ಕಾಲ ನಿರ್ಣಯಿಸಿದ. ಇದರಲ್ಲಿ ಸ್ಥಳೀಯವೆಷ್ಟು, ಜಾಗತಿಕವೆಷ್ಟು? ಬಿಡಿಸಿ ತೋರಿಸಲಿ.

ಹೊರಗಿನ ವಿಶ್ವವಿದ್ಯಾಲಯಗಳು ಇದನ್ನು ಬಿಡಿಸಲು ಹೋಗುವುದಿಲ್ಲ. ಲಂಡನ್ನಿನಲ್ಲಿ ಜಾಗತಿಕ ಆರ್ಥಿಕ ಇತಿಹಾಸಕ್ಕೆಂದೇ ಸ್ನಾತಕೋತ್ತರ ಪದವಿಯಿದೆ. 18ನೇ ಶತಮಾನದ ದಕ್ಷಿಣ ಭಾರತದ ನೇಕಾರ ಕೊಳ್ಳುತ್ತಿದ್ದ ಧಾನ್ಯದ ಲೆಕ್ಕ ಹಿಡಿದು, ಅವನ ಗಳಿಕೆ ಬ್ರಿಟನ್ನಿನ ನೇಕಾರನಿಗಿಂತ ಕಡಿಮೆಯಿರಲಿಲ್ಲ ಎಂದು ಪ್ರಸನ್ನನ್ ಪಾರ್ಥಸಾರಥಿ 1998ರಲ್ಲಿ ವಾದಿಸಿದರು. ಒಪ್ಪದವರು ಎದುರು ಲೆಕ್ಕ ತಂದರು. ಆ ಜಗಳ ಇನ್ನೂ ಮುಗಿದಿಲ್ಲ. ನೇಕಾರನ ಕೂಲಿ ಅಲ್ಲಿ ಚರ್ಚೆಯ ನಡುಮನೆಯಲ್ಲಿದೆ, ನೇಕಾರರ ಊರಿನ ಪಠ್ಯದಲ್ಲಿ ಹೊಸ್ತಿಲ ಹೊರಗಿದೆ.

ತಪ್ಪು ಮೇಷ್ಟರುಗಳದ್ದಷ್ಟೇ ಅಲ್ಲ. ಊರಿನ ಅಭಿಮಾನಿಗಳಾದ ನಾವು ವೇದಿಕೆ ಸಿಕ್ಕಾಗಲೆಲ್ಲ ‘ಎರಡನೇ ಬಾಂಬೆ’ ಎಂದು ಎದೆ ತಟ್ಟಿಕೊಳ್ಳುತ್ತೇವೆ. ಆ ಬಾಂಬೆಯಲ್ಲಿ ಮೂಟೆ ಹೊತ್ತ ಹಮಾಲಿಗೆ ಎಷ್ಟು ಸಿಗುತ್ತಿತ್ತು, ಶೇಂಗಾ ಸುಲಿದ ಹೆಂಗಸರಿಗೆ ಎಷ್ಟು, ದಲ್ಲಾಳಿಗೆ ಎಷ್ಟು ಎಂದು ಕೇಳುವುದಿಲ್ಲ. ಹೆಮ್ಮೆಗೆ ಲೆಕ್ಕ ಬೇಕಾಗಿಲ್ಲ, ಇತಿಹಾಸಕ್ಕೆ ಬೇಕು.

‘ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ?’ ಎನ್ನಬಹುದು. ಉಗಿಯಂತ್ರದ ನೋಟ್ಸ್ ಓದಿ ಎಷ್ಟು ಜನರಿಗೆ ಸಿಕ್ಕಿದೆ? ಊರಿನ ಕಸುಬು ಯಾಕೆ ಸತ್ತಿತು ಎಂದು ಗೊತ್ತಿಲ್ಲದ ಹುಡುಗ ತನ್ನ ಅಪ್ಪನನ್ನು ದಡ್ಡ ಎಂದುಕೊಳ್ಳುತ್ತಾನೆ. ನಾನು ಬಹಳ ದಿನ ಹಾಗೇ ಅಂದುಕೊಂಡಿದ್ದೆ.

ನಾನು ಕೇಳುವುದು ದೊಡ್ಡದೇನಲ್ಲ. ಆ ಪತ್ರಿಕೆಯ ಕಾಲುಭಾಗ ಅಂಕ ಒಂದು ಕೆಲಸಕ್ಕೆ ಮೀಸಲಿರಲಿ: ಪ್ರತಿ ವಿದ್ಯಾರ್ಥಿ ತನ್ನ ಊರಿನ ಒಂದು ಸರಕು ಹಿಡಿದು, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾರಿಗೆಷ್ಟು ಉಳಿಯಿತು ಎಂದು ಕನ್ನಡದಲ್ಲಿ ಬರೆಯಲಿ. ಮಿಲ್ಲಿನ ಹಳೇ ಖಾತೆ ಪುಸ್ತಕ ಎಲ್ಲಿ ಉಳಿದಿದ್ದರೂ ಹುಡುಕಿ ಫೋಟೋ ತೆಗೆದಿಡಲಿ. ಬಾಗಿಲು ಮುಚ್ಚಿದ ಮಿಲ್ಲಿನಲ್ಲಿ ಅದರ ಬೆಲೆ ಗುಜರಿಯವನ ತಕ್ಕಡಿಯ ಬೆಲೆಯಷ್ಟೇ. ಸಿಲಬಸ್ ಬದಲಾಗಲಿ ಎಂದು ಕಾಯುತ್ತ ಕೂತರೆ ಅಷ್ಟರಲ್ಲಿ ಅದು ತೂಕಕ್ಕೆ ಹೋಗಿರುತ್ತದೆ.